ಹಿಡಿದುಕೊಂಡ ಮುಂಗಾಲಿ ಹಬ್: ಬಿಚ್ಚುವುದು, ಉಳಿಸಿಕೊಳ್ಳುವುದು

ರೋಹಿಣಿ, ಮೃಗಶಿರ ಮಳೆಯಾಗಿ ಹೊಲ ಹದಕ್ಕೆ ಬಂತು ಅಂದರೆ ನಮ್ಮ ಒಣಬೇಸಾಯದವರಿಗೆ ಬಿತ್ತಲಿಕ್ಕೆ ಸಿಗುವುದು ನಾಲ್ಕಾರು ದಿನ ಮಾತ್ರ. ಮಸಾರಿ ಹೊಲವಾದರೆ ಅಷ್ಟೂ ಇಲ್ಲ. ಆ ಹೊತ್ತಿನಲ್ಲಿ ಟ್ರ್ಯಾಕ್ಟರಿನ ಮುಂದಿನ ಗಾಲಿ ಹಿಡಿದುಕೊಂಡು ನಿಂತರೆ ಹಸಿ ಹಾರಿಹೋಗುತ್ತದೆ, ಗೋವಿನಜೋಳ, ಹತ್ತಿ ಎರಡೂ ತಡವಾಗುತ್ತವೆ. ಸುಗ್ಗಿಯಲ್ಲೂ ಇದೇ ಪಾಡು. ಬ್ಯಾಡಗಿ ಮಾರುಕಟ್ಟೆಯಲ್ಲಿ ಸೋಮವಾರ, ಗುರುವಾರ ಮೆಣಸಿನಕಾಯಿ ವ್ಯಾಪಾರ. ಹಿಂದಿನ ದಿನವೇ ಟ್ರೇಲರ್ ತುಂಬಿಕೊಂಡು ಹೊರಟವರು ಮೋಟೆಬೆನ್ನೂರಿನ ಹತ್ತಿರ ಹೆದ್ದಾರಿಯಲ್ಲಿ ಗಾಲಿ ಹಿಡಿದು ನಿಂತರೆ ಆ ವ್ಯಾಪಾರ ತಪ್ಪಿತು. ಗಾಲಿ ಕಳಚಿ ಬಿದ್ದರಂತೂ ಜೀವಕ್ಕೇ ಸಂಚಕಾರ.

ನಮ್ಮ ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಸೀಮೆಯಲ್ಲಿ ಇಪ್ಪತ್ತು, ಮೂವತ್ತು ವರ್ಷದ ಹಳೆಯ ಟ್ರ್ಯಾಕ್ಟರುಗಳು ಇನ್ನೂ ದುಡಿಯುತ್ತಿವೆ. ಮ್ಯಾಸ್ಸಿ, ಮಹೀಂದ್ರ, ಐಷರ್, ಎಚ್.ಎಂ.ಟಿ. ಹೀಗೆ ಒಂದೊಂದು ಓಣಿಯಲ್ಲಿ ಒಂದೊಂದು. ಎಂಜಿನ್ ಚೆನ್ನಾಗಿಟ್ಟುಕೊಂಡವರೂ ಮುಂದಿನ ಹಬ್ ಕಡೆ ನೋಡುವುದು ಕಡಿಮೆ. ಕೆಟ್ಟ ಮೇಲೆ ಗ್ಯಾರೇಜಿಗೆ ಒಯ್ದರೆ, "ಯಜಮಾನ್ರ, ಇದು ಬಿಚ್ಚೂದಿಲ್ಲರಿ, ಹಬ್ ಕೊಯ್ದು ತಗೀಬೇಕು. ಸ್ಪಿಂಡಲ್ ಸೈತ ಹೊಸಾದು ಹಾಕ್ರಿ" ಅನ್ನುತ್ತಾರೆ. ನನ್ನ ಟ್ರ್ಯಾಕ್ಟರಿಗೂ ಒಬ್ಬರು ಹಾಗೆಯೇ ಹೇಳಿದ್ದರು. ಮನೆಯ ಅಂಗಳದಲ್ಲೇ ಒಂದೂವರೆ ದಿನದಲ್ಲಿ ಅದು ಬಿಚ್ಚಿ ಬಂತು. ಹಬ್ ಹಳೆಯದೇ, ಸ್ಪಿಂಡಲ್ಲೂ ಹಳೆಯದೇ ಉಳಿಯಿತು. ಖರ್ಚಾದದ್ದು ಎರಡು ಬೇರಿಂಗು, ಒಂದು ಸೀಲು, ಒಂದು ಪಿನ್ನು, ಸ್ವಲ್ಪ ಗ್ರೀಸ್.

ಒಳಗೆ ಏನೇನಿದೆ

ಹಳೆಯ ಮರದ ಬಂಡಿಯಲ್ಲಿ ಅಚ್ಚು, ಗಾಲಿ, ಕಡಾಣಿ ಇಷ್ಟೇ ಇದ್ದವು. ಗಾಲಿ ಹೊರಗೆ ಬಾರದಂತೆ ಕಡಾಣಿ ತಡೆಯುತ್ತಿತ್ತು. ತಿಕ್ಕಾಟಕ್ಕೆ ಕೀಲೆಣ್ಣೆ ಹಾಕುತ್ತಿದ್ದೆವು. ಟ್ರ್ಯಾಕ್ಟರಿನ ಮುಂಗಾಲಿಯೂ ಅದೇ ಲೆಕ್ಕ. ಅಚ್ಚಿನ ಜಾಗದಲ್ಲಿ ಸ್ಪಿಂಡಲ್, ಕಡಾಣಿಯ ಜಾಗದಲ್ಲಿ ನಟ್ಟು ಮತ್ತು ಸ್ಪ್ಲಿಟ್ ಪಿನ್, ಕೀಲೆಣ್ಣೆಯ ಬದಲು ಗ್ರೀಸ್. ನಡುವೆ ಬೇರಿಂಗು ಸೇರಿದೆ.

ಹೊರಗಿನಿಂದ ಒಳಕ್ಕೆ ನೋಡಿದರೆ ಮೊದಲು ಧೂಳು ತಡೆಯುವ ತಗಡಿನ ಟೋಪಿ. ಅದರ ಹಿಂದೆ ಪಿನ್ನು, ಹಲ್ಲು ಕೊರೆದ ನಟ್ಟು, ನಾಲಿಗೆ ಇರುವ ವಾಷರು. ಆಮೇಲೆ ಸಣ್ಣ ಬೇರಿಂಗು, ಆಮೇಲೆ ಹಬ್‌ನ ಪೊಳ್ಳು ಹೊಟ್ಟೆ, ಅದರಾಚೆ ದೊಡ್ಡ ಬೇರಿಂಗು, ಕಟ್ಟಕಡೆಗೆ ರಬ್ಬರ್ ಸೀಲು. ಎರಡೂ ಬೇರಿಂಗುಗಳು ಓರೆ ರೋಲರಿನವು. ಅಮೆರಿಕದ ಹೆನ್ರಿ ಟಿಮ್ಕೆನ್ ಎಂಬ ಗಾಡಿ ಮಾಡುವ ಮನುಷ್ಯ 1898ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಕುದುರೆ ಗಾಡಿ ತಿರುವಿನಲ್ಲಿ ಗಾಲಿಯನ್ನು ಪಕ್ಕಕ್ಕೆ ಒತ್ತುತ್ತದಲ್ಲ, ಆ ಒತ್ತಡ ತಡೆಯಲಿಕ್ಕೆ ರೋಲರುಗಳನ್ನು ಓರೆಯಾಗಿ ಜೋಡಿಸಿದ್ದು. ನಮ್ಮ ಟ್ರ್ಯಾಕ್ಟರಿನಲ್ಲಿ ಇವತ್ತಿಗೂ ಅದೇ.

ಒಂದು ಬೇರಿಂಗಿಗೆ ಎರಡು ಭಾಗ. ರೋಲರುಗಳ ಜೊತೆ ಸ್ಪಿಂಡಲ್ ಮೇಲೆ ಕೂಡುವುದು ಕೋನ್. ಹಬ್ ಒಳಗೆ ಬಿಗಿಯಾಗಿ ಬಡಿದು ಕೂಡಿಸಿದ್ದು ಕಪ್. ಕೋನ್ ಸ್ಪಿಂಡಲ್ ಮೇಲೆ ಕೈಯಿಂದ ಜಾರುವಷ್ಟು ಮಾತ್ರ ಬಿಗಿ ಇರುತ್ತದೆ. ಅದು ಜಾರದೆ ಹೋದರೆ ಹಬ್ "ಹಿಡೀತು" ಅನ್ನುತ್ತೇವೆ.

ಇಲ್ಲೊಂದು ಮಾತು ತಿಳಿದಿದ್ದರೆ ಅರ್ಧ ಕೆಲಸ ಆದಂತೆ. ಎರಡು ಬೇರಿಂಗುಗಳ ಓರೆ ಒಂದಕ್ಕೊಂದು ಎದುರುಬದುರು. ಹಬ್ ಹೊರಗೆ ಎಳೆದಾಗ ಒಳಗಿನ ದೊಡ್ಡ ಬೇರಿಂಗಿನ ಕಪ್ ತನ್ನ ಕೋನ್ ಬಿಟ್ಟು ಸಲೀಸಾಗಿ ಬರುತ್ತದೆ. ಹೊರಗಿನ ಸಣ್ಣ ಬೇರಿಂಗಿನ ಕಪ್ಪು ತನ್ನ ಕೋನನ್ನು ಎಳೆದುಕೊಂಡೇ ಬರಬೇಕು. ಅಂದಮೇಲೆ ಹಬ್ ಬರದಂತೆ ತಡೆಯುವುದು ಹೆಚ್ಚಾಗಿ ಹೊರಗಿನ ಸಣ್ಣ ಬೇರಿಂಗು. ಅದು ಟೋಪಿ ತೆಗೆದ ಕೂಡಲೆ ಕಣ್ಣಿಗೆ ಕಾಣುತ್ತದೆ, ಎಣ್ಣೆಯೂ ಅಲ್ಲಿಗೆ ಮುಟ್ಟುತ್ತದೆ. ಬಹಳ ಮಂದಿ ಇದು ತಿಳಿಯದೆ ಹಿಂದಿನಿಂದ ಹಬ್ ಬಡಿದು ಒಡೆಯುತ್ತಾರೆ.

ಯಾಕೆ ಹಿಡೀತದೆ

ಒಂದನೆಯದು ನೀರು. ರಸ್ತೆ ಮೇಲೆ ಓಡಿ ಬಂದ ಟ್ರ್ಯಾಕ್ಟರನ್ನು ಸೀದಾ ಹಳ್ಳಕ್ಕೆ, ಕೆರೆಗೆ ಇಳಿಸಿ ತೊಳೆಯುವ ರೂಢಿ ನಮ್ಮಲ್ಲಿದೆ. ಮಹಾನವಮಿ ಹಿಂದುಮುಂದು ಇದು ಹೆಚ್ಚು. ಹಬ್ ಒಳಗಿನ ಗಾಳಿ ಬಿಸಿಗೆ ಹಿಗ್ಗಿರುತ್ತದೆ. ತಣ್ಣೀರಿಗೆ ಇಳಿದ ಕೂಡಲೆ ಅದು ಕುಗ್ಗಿ ಸೀಲಿನ ಸಂದಿಯಿಂದ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಆ ನೀರು ಗ್ರೀಸಿನೊಳಗೆ ಉಳಿದು ಜಂಗು ಹಿಡಿಸುತ್ತದೆ. ಜೋರು ನೀರಿನ ಪಂಪಿನಿಂದ ಸೀಲಿಗೆ ನೇರವಾಗಿ ಹೊಡೆದರೂ ಇದೇ ಆಗುತ್ತದೆ.

ಎರಡನೆಯದು ಮಣ್ಣು. ಎರೆ ಮಣ್ಣು ಹಸಿ ಇದ್ದಾಗ ಹಬ್ ಹಿಂಬದಿಗೆ ಮೆತ್ತಿಕೊಂಡು ಒಣಗಿ ಕಲ್ಲಾಗುತ್ತದೆ, ತಿರುಗುವಾಗ ಸೀಲಿನ ತುಟಿ ಕೊರೆಯುತ್ತದೆ. ಮಸಾರಿಯ ಧೂಳು ಸಣ್ಣ ಮರಳಿನಂತೆ ಒಳಗೆ ಹೋಗಿ ರೋಲರು ತಿನ್ನುತ್ತದೆ. ತುಂಗಭದ್ರೆಯ ದಂಡೆಗೆ ಭತ್ತದ ಗದ್ದೆ ರಾಡಿ ಹೊಡೆಯಲು ಬಾಡಿಗೆಗೆ ಹೋಗುವ ಟ್ರ್ಯಾಕ್ಟರುಗಳ ಮುಂದಿನ ಹಬ್ ದಿನವಿಡೀ ಕೆಸರಿನಲ್ಲೇ ಇರುತ್ತದೆ. ಅಂಥವಕ್ಕೆ ಆಯುಷ್ಯ ಇನ್ನೂ ಕಡಿಮೆ.

ಮೂರನೆಯದು ಸುಮ್ಮನೆ ನಿಲ್ಲಿಸುವುದು. ಹಿಂಗಾರು ಮುಗಿದ ಮೇಲೆ ತಿಂಗಳುಗಟ್ಟಲೆ ಒಂದೇ ಕಡೆ ನಿಂತ ಟ್ರ್ಯಾಕ್ಟರು, ಟ್ರೇಲರಿನಲ್ಲಿ ಒಳಗೆ ಸೇರಿದ ನೀರು ಕೆಳಗಿನ ರೋಲರುಗಳ ಹತ್ತಿರ ನಿಂತು ಕೆಲಸ ಮಾಡುತ್ತದೆ.

ನಾಲ್ಕನೆಯದು ಅತಿ ಬಿಗಿ. ನಟ್ಟು ಬಹಳ ಬಿಗಿದರೆ ಬೇರಿಂಗು ಕಾದು, ಗ್ರೀಸು ಸುಟ್ಟು, ರೋಲರು ನೀಲಿಯಾಗಿ ಕೊನೆಗೆ ಹಿಡಿಯುತ್ತದೆ.

ಮುಂಚೆ ತಿಳಿಯುವ ಗುರುತು

ಹತ್ತು ಕಿಲೋಮೀಟರ್ ಓಡಿಸಿ ನಿಲ್ಲಿಸಿದ ಮೇಲೆ ಎರಡೂ ಮುಂದಿನ ಹಬ್ ಮುಟ್ಟಿ ನೋಡಿ. ಒಂದು ಬೆಚ್ಚಗೆ, ಇನ್ನೊಂದು ಕೈ ಇಡಲಾರದಷ್ಟು ಬಿಸಿ ಇದ್ದರೆ ಬಿಸಿಯಾದದ್ದನ್ನು ಅವತ್ತೇ ಬಿಚ್ಚಬೇಕು. ಟೋಪಿ ಅಥವಾ ಸೀಲಿನ ಹತ್ತಿರ ಕೆಂಪು ಬಣ್ಣದ ಗ್ರೀಸು ಒಸರಿದರೆ ಒಳಗೆ ಜಂಗು ಇದೆ ಅಂತ ಅರ್ಥ. ಗಾಲಿ ಎತ್ತಿ ತಿರುವಿದಾಗ ಗರಗರ ಸಪ್ಪಳ ಬಂದರೆ ರೋಲರು ಹೋಗಿದೆ. ಟೈರಿನ ಮೇಲಂಚು, ಕೆಳಂಚು ಹಿಡಿದು ಅಲುಗಿಸಿದಾಗ ಟಕ್ ಟಕ್ ಅಂದರೆ ಸಡಿಲಾಗಿದೆ. ಇದೇ ಅಲುಗಾಟ ಕಿಂಗ್‌ಪಿನ್ ಸವೆದರೂ ಬರುತ್ತದೆ. ಆದ್ದರಿಂದ ಅಲುಗುವುದು ಹಬ್ ಮಾತ್ರವೋ, ಸ್ಪಿಂಡಲ್ ಸಮೇತವೋ ಕಣ್ಣಿಟ್ಟು ನೋಡಬೇಕು.

ಎಡಗಾಲಿಯ ಬಗ್ಗೆ ಒಂದು ಮಾತು. ಸಾಮಾನ್ಯ ಬಲಮರೆ ನಟ್ಟು ಇರುವ ಗಾಡಿಯಲ್ಲಿ ಎಡಗಾಲಿ ಮುಂದಕ್ಕೆ ತಿರುಗುವ ದಿಕ್ಕೂ, ನಟ್ಟು ಸಡಿಲಾಗುವ ದಿಕ್ಕೂ ಒಂದೇ. ಬೇರಿಂಗು ಹಿಡಿದು ಕೋನ್ ತಾನೇ ತಿರುಗಲು ಸುರುವಾದರೆ ನಟ್ಟನ್ನೂ ತಿರುವುತ್ತದೆ. ತಡೆಯಲಿಕ್ಕೆ ವಾಷರಿನ ನಾಲಿಗೆ ಮತ್ತು ಪಿನ್ನು ಎರಡೇ ಇವೆ. ಅವು ಕತ್ತರಿಸಿದವೋ, ಗಾಲಿ ರಸ್ತೆ ಮೇಲೆ ಬೇರೆ, ಟ್ರ್ಯಾಕ್ಟರು ಬೇರೆ. ಪಿನ್ನಿನ ಬದಲು ತಂತಿ, ಮೊಳೆ ಹಾಕಿ ಓಡಿಸುವವರು ಇದನ್ನು ನೆನಪಿಡಬೇಕು.

ಎತ್ತಿ ನಿಲ್ಲಿಸುವುದು

ಹಬ್ ಬಿಚ್ಚುವಾಗ ಆಗುವ ದೊಡ್ಡ ಅನಾಹುತ ಜಾಕ್ ಜಾರಿ ಬೀಳುವುದು. ಟ್ರೇಲರ್ ಬಿಚ್ಚಿ ದೂರ ಇಡಿ. ಹಿಂದಿನ ಕಲ್ಟಿವೇಟರ್ ನೆಲಕ್ಕೆ ಇಳಿಸಿ. ಗಟ್ಟಿ, ಸಪಾಟು ನೆಲ ನೋಡಿ ಹ್ಯಾಂಡ್‌ಬ್ರೇಕ್ ಹಾಕಿ, ಹಿಂದಿನ ಗಾಲಿಗಳಿಗೆ ಎರಡೂ ಕಡೆ ದಿಮ್ಮಿ ಕೊಡಿ. ಗಾಲಿಯ ನಟ್ಟುಗಳನ್ನು ನೆಲದ ಮೇಲಿದ್ದಾಗಲೇ ಒಂದು ಸುತ್ತು ಸಡಿಲಿಸಿ.

ಟ್ರ್ಯಾಕ್ಟರಿನ ಮುಂದಿನ ಅಚ್ಚು ನಡುವೆ ಒಂದು ಪಿನ್ನಿನ ಮೇಲೆ ತಕ್ಕಡಿಯಂತೆ ತೂಗುತ್ತದೆ. ಒಂದು ತುದಿ ಎತ್ತಿದರೆ ಮೊದಲು ಅಚ್ಚು ಓರೆಯಾಗುತ್ತದೆ, ಮೇಲಿನ ಮೈ ಅಲುಗಾಡುತ್ತದೆ. ಅದಕ್ಕೆ ಅಚ್ಚಿಗೂ ಮೇಲಿನ ಚೌಕಟ್ಟಿಗೂ ನಡುವೆ ಎರಡೂ ಕಡೆ ಕಟ್ಟಿಗೆಯ ಬೆಣೆ ಹೊಡೆದು ತೂಗದಂತೆ ಮಾಡಿ, ಆಮೇಲೆ ಎತ್ತಬೇಕು. ಎತ್ತಿದ ಮೇಲೆ ಅಚ್ಚಿನ ಕೆಳಗೆ ಅಗಲವಾದ ಜಾಲಿ ಅಥವಾ ಬೇವಿನ ದಿಮ್ಮಿ ಅಡ್ಡಡ್ಡ ಜೋಡಿಸಿ ಭಾರ ಅದರ ಮೇಲೆ ಕೂಡಿಸಿ. ಇಟ್ಟಿಗೆ, ಸಿಮೆಂಟ್ ಬ್ಲಾಕ್ ಬೇಡ, ಅವು ಹೇಳದೆ ಕೇಳದೆ ಒಡೆಯುತ್ತವೆ. ಬರೀ ಜಾಕ್ ಮೇಲೆ ನಿಂತ ಟ್ರ್ಯಾಕ್ಟರಿಗೆ ಸುತ್ತಿಗೆ ಹಾಕಲೇಬಾರದು.

ಬಿಚ್ಚುವ ಕ್ರಮ

1. ಗಾಲಿ ತೆಗೆದು ಹಬ್ ಮೇಲಿನ ಮಣ್ಣು ಕೆರೆದು ಡೀಸೆಲ್ ಹಚ್ಚಿ ಒರೆಸಿ. ಟೋಪಿಯನ್ನು ಚಾಣದಿಂದ ಸುತ್ತಲೂ ಸ್ವಲ್ಪ ಸ್ವಲ್ಪ ಎಬ್ಬಿಸಿ ತೆಗೆಯಿರಿ.

2. ಪಕ್ಕಡದಿಂದ ಪಿನ್ನಿನ ಕಾಲು ನೆಟ್ಟಗೆ ಮಾಡಿ ಎಳೆಯಿರಿ. ಮುರಿದು ಒಳಗೆ ಉಳಿದರೆ ಸಣ್ಣ ಮೊಳೆಯಿಂದ ಆಚೆ ತಳ್ಳಿ. ಪಿನ್ನು ಇಟ್ಟುಕೊಂಡೇ ನಟ್ಟು ತಿರುವಿದರೆ ಸ್ಪಿಂಡಲಿನ ಮರೆ ಹಾಳಾಗುತ್ತದೆ.

3. ನಟ್ಟಿಗೆ ಪಾನಾ ಹಾಕುವ ಮೊದಲು ಮರೆಯ ಇಳಿಜಾರು ನೋಡಿ. ಕೆಲವು ಗಾಡಿಗಳಲ್ಲಿ ಎಡಗಡೆ ಉಲ್ಟಾ ಮರೆ ಇರುತ್ತದೆ.

4. ನಟ್ಟು ಪೂರಾ ತೆಗೆಯಬೇಡಿ. ಸ್ಪಿಂಡಲಿನ ತುದಿಗೆ ಸಮವಾಗುವವರೆಗೆ ಸಡಿಲಿಸಿ ಅಲ್ಲೇ ಬಿಡಿ. ಇದರಿಂದ ಎರಡು ಲಾಭ. ಮರೆಗೆ ಪೆಟ್ಟು ಬೀಳುವುದಿಲ್ಲ, ಹಬ್ ಒಮ್ಮೆಲೇ ಬಿಟ್ಟುಕೊಂಡು ಕಾಲ ಮೇಲೆ ಬೀಳುವುದಿಲ್ಲ.

5. ಡೀಸೆಲ್ ಮತ್ತು ಎಂಜಿನ್ ಆಯಿಲ್ ಸಮ ಸಮ ಕೂಡಿಸಿ ಹೊರಗಿನ ಕೋನ್ ಮತ್ತು ಸ್ಪಿಂಡಲ್ ಕೂಡುವ ಗೆರೆಗೆ ಬಿಡಿ. ಅಂಗಡಿಯಲ್ಲಿ ಸಿಗುವ ಜಂಗು ಬಿಡಿಸುವ ಸ್ಪ್ರೇ ಇನ್ನೂ ಬೇಗ ಇಳಿಯುತ್ತದೆ. ಸಂಜೆ ಹಾಕಿ ರಾತ್ರಿಯಿಡೀ ಬಿಡಿ. ನಡುವೆ ಎರಡು ಮೂರು ಸಲ ಮತ್ತೆ ಹಾಕಿ. ಈ ಕೆಲಸದಲ್ಲಿ ಬಲಕ್ಕಿಂತ ತಾಳ್ಮೆ ಹೆಚ್ಚು ಬಿಚ್ಚುತ್ತದೆ.

6. ಬೆಳಿಗ್ಗೆ ನಟ್ಟನ್ನು ಒಳಗೆ ಬಿಗಿದು ನೋಡಿ. ಬೇರಿಂಗು ಸವೆದು ಸಡಿಲಿದ್ದರೆ ಕೋನ್ ಕೂದಲೆಳೆಯಷ್ಟು ಒಳಗೆ ಜರುಗುತ್ತದೆ. ಅಷ್ಟು ಜರುಗಿದರೆ ಜಂಗಿನ ಹಿಡಿತ ಬಿಟ್ಟಿತು ಅಂತಲೇ ತಿಳಿಯಿರಿ. ಮತ್ತೆ ಸಡಿಲಿಸಿ, ಮತ್ತೆ ಬಿಗಿದು ಮೂರು ನಾಲ್ಕು ಸಲ ಮಾಡಿ.

7. ಇಷ್ಟಕ್ಕೂ ಬಾರದಿದ್ದರೆ ಪುಲ್ಲರ್ ಬೇಕು. ಬಾಡಿಗೆಗೆ ಸಿಗದಿದ್ದರೆ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಬಹುದು. 12 ಮಿ.ಮೀ. ದಪ್ಪದ ಕಬ್ಬಿಣದ ತಗಡು. ಅದಕ್ಕೆ ಗಾಲಿಯ ಬೋಲ್ಟುಗಳಿಗೆ ಸರಿಯಾಗಿ ತೂತು. ನಟ್ಟನಡುವೆ ಒಂದು ತೂತು ಕೊರೆದು ಅಲ್ಲಿ 20 ಮಿ.ಮೀ. ನಟ್ಟು ಬೆಸೆಸಿ, ಅದಕ್ಕೆ ಉದ್ದ ಬೋಲ್ಟು. ತಗಡನ್ನು ಉದ್ದ ಬೋಲ್ಟುಗಳಿಂದ ಹಬ್‌ಗೆ ಕಟ್ಟಿ, ನಡುವಿನ ಬೋಲ್ಟು ಸ್ಪಿಂಡಲಿನ ತುದಿಗೆ ಒತ್ತುವಂತೆ ತಿರುವಿ. ಸ್ಪಿಂಡಲಿನ ಮುಖಕ್ಕೆ ಹಿತ್ತಾಳೆಯ ತುಂಡು ಕೊಡಿ. ಚೆನ್ನಾಗಿ ಬಿಗಿದ ಮೇಲೆ ನಡುವಿನ ಬೋಲ್ಟಿನ ತಲೆಗೆ ಸುತ್ತಿಗೆಯಿಂದ ಒಂದು ನೇರ ಪೆಟ್ಟು. ಹತ್ತು ನಿಮಿಷ ಬಿಟ್ಟು ಮತ್ತೆ ಕಾಲು ಸುತ್ತು ಬಿಗಿದು ಮತ್ತೊಂದು ಪೆಟ್ಟು. ಬಿಡುವಾಗ "ಟಣ್" ಅಂತ ಸಪ್ಪಳ ಬರುತ್ತದೆ. ಮನೆಯವರೆಲ್ಲ ಎದುರಿಗೆ ನಿಂತು ನೋಡುವುದು ಬೇಡ, ಪಕ್ಕಕ್ಕೆ ಇರಲಿ. ಒಮ್ಮೆ ಮಾಡಿಸಿದ ಈ ತಗಡು ಓಣಿಯ ನಾಲ್ಕು ಮನೆಗೆ ಆಗುತ್ತದೆ.

ಬೆಂಕಿ ಯಾವಾಗ

ಗ್ಯಾಸ್ ಬೆಂಕಿ ಕಟ್ಟಕಡೆಯ ದಾರಿ. ಟೈರಿಗೆ ಕೂಡಿಸಿದ ಗಾಲಿ ಹಬ್ ಮೇಲಿದ್ದಾಗ ಬೆಂಕಿ ಹಿಡಿಯಲೇಬಾರದು. ಒಳಗಿನ ಗಾಳಿ ಕಾದು ಟೈರು ಸಿಡಿದರೆ ಎದುರಿಗಿದ್ದವನು ಉಳಿಯುವುದಿಲ್ಲ. ಟೋಪಿ ಹಾಕಿಯೇ ಕಾಯಿಸಿದರೆ ಒಳಗಿನ ಗ್ರೀಸು, ಗಾಳಿ ಒತ್ತಿ ಹೊರಗೆ ಹಾರುತ್ತದೆ. ಡೀಸೆಲ್ ಹಾಕಿದ್ದನ್ನು ಪೂರಾ ಒರೆಸಿ, ಹತ್ತಿರ ಎಣ್ಣೆ ಡಬ್ಬಿ, ಕಣಕಿ, ಹೊಟ್ಟು ಇಲ್ಲದಂತೆ ನೋಡಿ. ಕಾಯಿಸಬೇಕಾದದ್ದು ಕೋನ್ ಮಾತ್ರ, ಅದೂ ಬೇಗ. ಸ್ಪಿಂಡಲ್ ಕೆಂಪಾದರೆ ಅದರ ಕಸುವು ಹೋಯಿತು. ಹಬ್ ಬೀಡಿನದು, ಕಾದಾಗ ನೀರು ಸುರಿದರೆ ಬಿರುಕು ಬಿಡುತ್ತದೆ.

ಕೋನ್ ಸ್ಪಿಂಡಲ್ ಮೇಲೇ ಉಳಿದರೆ

ಹಬ್ ಬಂದು ಒಳಗಿನ ದೊಡ್ಡ ಕೋನ್ ಸ್ಪಿಂಡಲ್ ಬುಡದಲ್ಲಿ ಉಳಿಯುವುದು ಸಾಮಾನ್ಯ. ಎಣ್ಣೆ ಬಿಟ್ಟು, ಕೋನಿನ ಹಿಂದೆ ಎರಡು ಚಾಣಗಳನ್ನು ಎದುರುಬದುರು ಇಟ್ಟು ಒಂದಾದ ಮೇಲೊಂದು ಸಣ್ಣ ಪೆಟ್ಟು ಹಾಕಿ. ಬಾರದಿದ್ದರೆ ಗ್ರೈಂಡರಿನಿಂದ ಕೋನನ್ನು ಅಡ್ಡಕ್ಕೆ ಮುಕ್ಕಾಲು ಪಾಲು ಕೊಯ್ದು, ಒದ್ದೆ ಗೋಣಿಚೀಲ ಸುತ್ತಿ, ಕೊಯ್ದ ಗೆರೆಗೆ ಚಾಣ ಇಟ್ಟು ಹೊಡೆದರೆ ಸೀಳುತ್ತದೆ. ಸ್ಪಿಂಡಲಿಗೆ ಗ್ರೈಂಡರ್ ತಾಗಬಾರದು.

ಬೇರಿಂಗಿನ ಉಕ್ಕು ಬಹಳ ಗಡಸು. ಸುತ್ತಿಗೆಯಿಂದ ನೇರ ಹೊಡೆದರೆ ಗಾಜಿನಂತೆ ಚೂರು ಸಿಡಿಯುತ್ತದೆ. ಕಣ್ಣಿಗೆ ಕನ್ನಡಕ ಹಾಕಿಕೊಂಡೇ ಮಾಡಿ. ಇಪ್ಪತ್ತು ರೂಪಾಯಿ ಉಳಿಸಲು ಹೋಗಿ ಕಣ್ಣು ಕಳಕೊಳ್ಳುವುದು ಬೇಡ.

ಸ್ಪಿಂಡಲ್ ಇಟ್ಟುಕೊಳ್ಳಬಹುದೇ

ಚಿಮಣಿ ಎಣ್ಣೆ ಅಥವಾ ಡೀಸೆಲಿನಲ್ಲಿ ತೊಳೆದು ಬಿಸಿಲಿಗೆ ಹಿಡಿದು ನೋಡಿ. ನೀಲಿ ಬಣ್ಣ ಬಂದಿದ್ದರೆ ಕಾದು ಕಸುವು ಕಳೆದಿದೆ. ಉಗುರು ಸಿಕ್ಕಿಕೊಳ್ಳುವ ಗೆರೆ ಬಿದ್ದಿದ್ದರೆ ಕೋನ್ ತಿರುಗಿ ತಿಂದಿದೆ. ಹೊಸ ಕೋನ್ ಕೈಯಿಂದ ಜಾರಿ ಕೂಡಬೇಕು, ಲಟಪಟ ಅನ್ನಬಾರದು. ಸವೆದ ಜಾಗಕ್ಕೆ ವೆಲ್ಡಿಂಗ್ ತುಂಬಿಸಿ ಕೊಡುವವರಿದ್ದಾರೆ, ಆದರೆ ಬೆಸೆದ ಅಂಚಿನಲ್ಲೇ ಆಮೇಲೆ ಮುರಿಯುವ ಭಯ ಇರುತ್ತದೆ. ಅದಕ್ಕಿಂತ ಬದಲಿಸುವುದು ಲೇಸು.

ಬಿರುಕು ನೋಡಲು ಹಳೆಯ ಉಪಾಯ ಒಂದಿದೆ. ಬುಡದ ತಿರುವಿಗೆ ಚಿಮಣಿ ಎಣ್ಣೆ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು ಚೆನ್ನಾಗಿ ಒರೆಸಿ, ಸಾಲಿಯ ಸೀಮೆಸುಣ್ಣ ತಿಕ್ಕಿ. ಬಿರುಕಿದ್ದರೆ ಒಳಗೆ ಉಳಿದ ಎಣ್ಣೆ ಸುಣ್ಣದ ಮೇಲೆ ಕಪ್ಪು ಎಳೆಯಾಗಿ ಕಾಣುತ್ತದೆ. ಅಂಥ ಸ್ಪಿಂಡಲ್ ಗುಜರಿಗೇ ಹಾಕಬೇಕು.

ಬೇರಿಂಗು ತರುವುದು, ಕೂಡಿಸುವುದು

ಹಳೆಯ ಟ್ರ್ಯಾಕ್ಟರಿನ ಬಿಡಿಭಾಗ ಸಿಗುವುದಿಲ್ಲ ಎಂಬ ಚಿಂತೆ ಬೇರಿಂಗಿನ ಮಟ್ಟಿಗೆ ಬೇಕಿಲ್ಲ. ಎಚ್.ಎಂ.ಟಿ. ಟ್ರ್ಯಾಕ್ಟರು ಕಾರ್ಖಾನೆ ಮುಚ್ಚುವ ತೀರ್ಮಾನ 2016ರಲ್ಲೇ ಆಯಿತು, ಆದರೂ ಅದರ ಬೇರಿಂಗು ಸಿಗುತ್ತದೆ. ಬೇರಿಂಗಿಗೆ ಅದರ ಮೇಲೆ ಕೊರೆದ ನಂಬರೇ ಹೆಸರು. ಉದಾಹರಣೆಗೆ 30206 ಅಂತ ಇದ್ದರೆ ಕೊನೆಯ ಎರಡಂಕಿಯನ್ನು ಐದರಿಂದ ಗುಣಿಸಿ, 30 ಮಿ.ಮೀ. ಒಳತೂತು. ಇಂಚಿನ ಲೆಕ್ಕದ ಬೇರಿಂಗಿನಲ್ಲಿ ಕೋನಿಗೆ ಒಂದು, ಕಪ್ಪಿಗೆ ಒಂದು ನಂಬರ್ ಇರುತ್ತದೆ. ಎಲ್‌ಎಂ 67048 ಕೋನ್ ಆದರೆ ಅದರ ಕಪ್ ಎಲ್‌ಎಂ 67010. ಹಳೆಯದನ್ನು ತೊಳೆದು ನಂಬರ್ ಬರೆದುಕೊಂಡು, ಸಾಧ್ಯವಾದರೆ ಅದನ್ನೇ ಚೀಲದಲ್ಲಿ ಹಾಕಿಕೊಂಡು ಪೇಟೆಗೆ ಹೋಗಿ. ಕೋನ್ ಮಾತ್ರ ಬದಲಿಸಿ ಹಳೆ ಕಪ್ಪು ಉಳಿಸುವುದು ಸುಳ್ಳು ಉಳಿತಾಯ. ಪುಲ್ಲರಿನಿಂದ ಎಳೆದ ಬೇರಿಂಗು ನೋಡಲು ಚೆನ್ನಾಗಿದ್ದರೂ ಮತ್ತೆ ಹಾಕಬೇಡಿ.

ಹಳೆಯ ಸೀಲಿನ ತುಟಿ ಯಾವ ಕಡೆ ಇತ್ತು ಅಂತ ತೆಗೆಯುವಾಗಲೇ ನೋಡಿಟ್ಟುಕೊಳ್ಳಿ. ಕಪ್ಪನ್ನು ಹಿತ್ತಾಳೆ ಸಲಾಕೆಯಿಂದ ಸುತ್ತಲೂ ಸಮನಾಗಿ ಬಡಿಯಿರಿ. ತಳಕ್ಕೆ ಕೂತಾಗ ಪೆಟ್ಟಿನ ಸಪ್ಪಳ ಬದಲಾಗುತ್ತದೆ. ಗ್ರೀಸನ್ನು ಅಂಗೈಯಲ್ಲಿಟ್ಟುಕೊಂಡು ಬೇರಿಂಗಿನ ಅಗಲ ಬಾಯಿ ಅದಕ್ಕೆ ಒತ್ತುತ್ತ ಹೋಗಿ, ಆಚೆ ಕಡೆಯ ರೋಲರಿನ ಸಂದಿಯಿಂದ ಹೊರಬರಬೇಕು. ಹಬ್ ಹೊಟ್ಟೆಗೆ ಅರ್ಧದಷ್ಟು ಸಾಕು. ಬೇರೆ ಬೇರೆ ಜಾತಿಯ ಗ್ರೀಸ್ ಬೆರೆಸಬೇಡಿ.

ನಟ್ಟು ಬಿಗಿಯುವಾಗ ಗಾಲಿ ತಿರುವುತ್ತಲೇ ಇರಿ. ತಿರುಗುವುದು ಬಿಗಿಯಾಯಿತು ಅನಿಸಿದಾಗ ನಿಲ್ಲಿಸಿ, ನಟ್ಟಿನ ಒಂದು ಹಲ್ಲು ಅಥವಾ ಒಂದೂವರೆ ಹಲ್ಲಿನಷ್ಟು ಹಿಂದೆ ತಿರುವಿ ಪಿನ್ನಿನ ತೂತಿಗೆ ಸರಿಹೊಂದಿಸಿ. ಗಾಲಿ ಸಲೀಸಾಗಿ ತಿರುಗಬೇಕು, ಅಲುಗಿಸಿದರೆ ಕೈಗೆ ತಿಳಿದೂ ತಿಳಿಯದಷ್ಟು ಸಡಿಲು ಇರಬೇಕು. ಪಿನ್ನು ಯಾವಾಗಲೂ ಹೊಸದು. ಒಂದು ದಿನದ ದುಡಿಮೆಯಾದ ಮೇಲೆ ಮತ್ತೊಮ್ಮೆ ಎತ್ತಿ ನೋಡಿ. ಟ್ರೇಲರಿನ ಹಬ್ಬಿಗೂ ಇದೇ ಕ್ರಮ.

ಹಳೆ ಜೀಪು, ಪಿಕಪ್ ಗಾಡಿ ಇದ್ದವರಿಗೆ

ಇವುಗಳ ಮುಂಗಾಲಿಗೆ ಬ್ರೇಕ್ ಇರುವುದರಿಂದ ಇನ್ನೂ ಎರಡು ಮಾತು. ಡ್ರಮ್ ಬ್ರೇಕ್ ಇದ್ದರೆ ಮೊದಲು ಬ್ರೇಕ್ ಶೂ ಸಡಿಲಿಸಿ. ಡ್ರಮ್ ಒಳಗೆ ಸವೆದ ಅಂಚಿಗೆ ಶೂ ಸಿಕ್ಕಿಕೊಂಡಿರುತ್ತದೆ. ಡಿಸ್ಕ್ ಇದ್ದರೆ ಕ್ಯಾಲಿಪರ್ ಬಿಚ್ಚಿ ತಂತಿಯಿಂದ ಮೇಲೆ ಕಟ್ಟಿ. ಬ್ರೇಕ್ ಎಣ್ಣೆಯ ರಬ್ಬರ್ ಪೈಪಿಗೆ ಜೋತುಬಿಟ್ಟರೆ ಪೈಪು ಒಳಗೇ ಹರಿಯುತ್ತದೆ. ಡಿಸ್ಕ್ ಹಿಡಿಸಿದ ಸಣ್ಣ ತಿರುಪು ಇದ್ದರೆ ತೆಗೆಯಿರಿ. ಡಿಸ್ಕಿನಲ್ಲಿ ಮರೆ ಇರುವ ಎರಡು ಖಾಲಿ ತೂತು ಕಂಡರೆ ಅವು ಬಿಚ್ಚಲಿಕ್ಕೇ ಕೊಟ್ಟದ್ದು. ಸರಿಯಾದ ಬೋಲ್ಟು ಎರಡಕ್ಕೂ ಸಮನಾಗಿ ತಿರುವಿದರೆ ಡಿಸ್ಕ್ ತಾನೇ ಮುಂದೆ ಬರುತ್ತದೆ. ಹೊಡೆಯಬೇಕಾಗಿ ಬಂದರೆ ಗಾಲಿ ಬೋಲ್ಟುಗಳ ನಡುವಿನ ಜಾಗಕ್ಕೆ ಹೊಡೆಯಿರಿ, ಬ್ರೇಕ್ ಹಿಡಿಯುವ ನುಣುಪು ಮುಖಕ್ಕೆ ಬೇಡ. ಆ ಮುಖಕ್ಕೆ ಎಣ್ಣೆ, ಗ್ರೀಸ್ ತಾಗಿದರೆ ಬ್ರೇಕ್ ಹಿಡಿಯುವುದಿಲ್ಲ.

ಹಳೆಯ ಬ್ರೇಕ್ ಲೈನಿಂಗಿನ ಪುಡಿಯಲ್ಲಿ ಕಲ್ನಾರು ಇರಬಹುದು, ಅದು ಎದೆಗೆ ಕೆಟ್ಟದ್ದು. ಬಾಯಿಂದ ಊದುವುದು, ಗಾಳಿ ಹೊಡೆಯುವುದು ಬಿಟ್ಟು ಒದ್ದೆ ಬಟ್ಟೆಯಿಂದ ಒರೆಸಿ.

ಹಿಡಿಯದಂತೆ ಇಟ್ಟುಕೊಳ್ಳಲು

ರಸ್ತೆಯಿಂದ ಬಂದ ಗಾಡಿ ತಣ್ಣಗಾದ ಮೇಲೆ ತೊಳೆಯಿರಿ. ಹಬ್‌ಗೆ ಗ್ರೀಸ್ ನಿಪ್ಪಲ್ ಇದ್ದರೆ ವಾರಕ್ಕೊಮ್ಮೆ, ರಾಡಿಯಲ್ಲಿ ದುಡಿದ ದಿನ ಅವತ್ತೇ ಸಂಜೆ ಹೊಡೆಯಿರಿ. ಎಬ್ಬಿಸಿದ ಟೋಪಿ ಸೊಟ್ಟಾಗಿದ್ದರೆ ಹೊಸದು ಹಾಕಿ. ನಿಲ್ಲಿಸಿಟ್ಟ ಟ್ರೇಲರನ್ನು ಹದಿನೈದು ದಿನಕ್ಕೊಮ್ಮೆ ನಾಲ್ಕು ಮಾರು ಹಿಂದುಮುಂದು ಜರುಗಿಸಿ.

ಎಲ್ಲಕ್ಕಿಂತ ಮುಖ್ಯ, ವರ್ಷಕ್ಕೊಮ್ಮೆ ಹಬ್ ಬಿಚ್ಚಿ ತೊಳೆದು ಹೊಸ ಗ್ರೀಸ್ ತುಂಬುವುದು. ಅದಕ್ಕೆ ಒಳ್ಳೆ ಕಾಲ ಯುಗಾದಿಯಿಂದ ಕೃತ್ತಿಕೆ ಮಳೆಯವರೆಗೆ. ಆಗ ಮೆಣಸಿನಕಾಯಿ ಮಾರಿ ಮುಗಿದಿರುತ್ತದೆ, ಬಿತ್ತಿಗೆಗೆ ಇನ್ನೂ ಹೊತ್ತಿರುತ್ತದೆ. ಒಂದು ಗಾಲಿಗೆ ಅರ್ಧ ದಿನ ಹಿಡಿಯುತ್ತದೆ. ಓಣಿಯಲ್ಲಿ ಇಬ್ಬರು ಮೂವರು ಕೂಡಿ ಮಾಡಿಕೊಂಡರೆ ಪುಲ್ಲರ್ ತಗಡು, ಗ್ರೀಸ್ ಡಬ್ಬಿ ಎಲ್ಲ ಒಂದೇ ಖರ್ಚಿನಲ್ಲಿ ಆಗುತ್ತದೆ. ಕಲಿಯುವ ಹುಡುಗರನ್ನೂ ಜೊತೆಗೆ ಕೂಡಿಸಿಕೊಳ್ಳಿ, ಮುಂದಿನ ವರ್ಷ ಅವರೇ ಬಿಚ್ಚುತ್ತಾರೆ.